ಸ್ಕ್ರೀನ್‌ಶಾಟ್ ಕಡ್ಡಾಯ

ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಅಂದು ಮಧ್ಯಾಹ್ನ ಎರಡಕ್ಕೆ ನನಗೆ ಪರೀಕ್ಷೆ. ಗ್ರಾಹಕರು ಕನ್ನಡದಲ್ಲಿ ಬರೆದ ದೂರುಗಳಿಗೆ ಕನ್ನಡದಲ್ಲೇ ಉತ್ತರಿಸಬೇಕು. ಗೆದ್ದರೆ ಕೆಲಸ ಕಾಯಂ, ಸೋತರೆ ಅವತ್ತೇ ಮನೆಗೆ. ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನದನ್ನು ನನ್ನ ಕಂಪ್ಯೂಟರಿನ ಒಂದು ತಂತ್ರಾಂಶ ಕಿವಿಗೆ ಓದಿಹೇಳುತ್ತದೆ. ಬೆಳಿಗ್ಗೆ ಅದರ ಹೊಸ ಆವೃತ್ತಿ ಹಾಕಿಕೊಂಡೆ ನೋಡಿ, ಇಂಗ್ಲಿಷನ್ನು ಪಟಪಟ ಓದಿತು, ಕನ್ನಡ ಬಂದ ಕೂಡಲೇ ಬಾಯಿಗೆ ಬೀಗ. ಹಳೆಯದನ್ನು ಮತ್ತೆ ಹಾಕಿದರೂ ತುಟಿ ಬಿಚ್ಚಲಿಲ್ಲ. ಫೋನಿನಲ್ಲಿ ಬೇರೊಂದು ದನಿಯಿತ್ತು, ಆದರೆ ಪರೀಕ್ಷೆಯ ಕೋಣೆಗೆ ಫೋನ್ ಒಯ್ಯುವಂತಿಲ್ಲ.

ಆ ತಂತ್ರಾಂಶ ಯಾರ ಸ್ವತ್ತೂ ಅಲ್ಲ, ಊರೂರಿನ ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು. ಅವರ ತಾಣದಲ್ಲಿ ದೂರು ಬರೆದೆ. ಸ್ಕ್ರೀನ್‌ಶಾಟ್ ಇಲ್ಲದೆ ಮುಂದೆ ಬಿಡೆನೆಂದು ಅರ್ಜಿ ಹಟ ಹಿಡಿಯಿತು. ಕುರುಡನಿಗೆ ಕನ್ನಡಿ ತೋರಿಸಿದರು ಅನ್ನುತ್ತಾರಲ್ಲ, ಇವರು ಕುರುಡಿಯಿಂದಲೇ ಕನ್ನಡಿ ಕೇಳುತ್ತಿದ್ದರು. ಮೈಯೆಲ್ಲ ಉರಿದು, ಫೋನ್ ಮೇಲೆತ್ತಿ ಚಾವಣಿಯ ಫೋಟೊ ತೆಗೆದು ಅಂಟಿಸಿದೆ.

"ಫ್ಯಾನ್ ಚೆನ್ನಾಗಿದೆ ಮೇಡಂ. ಕೆಟ್ಟಿರೋದೇನು?" ಎಂದು ಪೀಣ್ಯದ ಕಾರ್ಖಾನೆಯೊಂದರಿಂದ ಅವರಲ್ಲೊಬ್ಬ ಬರೆದ.

"ನಂಗೆ ಕಾಣಿಸಿದ್ರೆ ನಿಮ್ಮ ಸಾಫ್ಟ್‌ವೇರ್ ಯಾಕ್ ಬೇಕಿತ್ತು? ಎರಡಕ್ಕೆ ಪರೀಕ್ಷೆ ಇದೆ."

ಆತ ಕ್ಷಮೆ ಕೇಳುತ್ತ ಕೂರಲಿಲ್ಲ. ಹಳೆಯ ಆವೃತ್ತಿ ಹಾಕಿದರೂ ಅಳಿಯದೆ ಉಳಿದಿದ್ದ, ಹೊಸದಾಗಿ ಸೇರಿದ ಪದಗಳ ಕಡತವನ್ನು ಎರಡು ಹೋಳು ಮಾಡಿ, "ಮೇಲಿನರ್ಧ ನಂದು, ಕೆಳಗಿಂದು ಯಾರಾದ್ರೂ ತಗೊಳ್ಳಿ" ಎಂದ. ಸರ್ಜಾಪುರದ ಒಬ್ಬಾಕೆ ಎತ್ತಿಕೊಂಡಳು. ಮೇಲಿನದು ಮಾತಾಡಿತು, ಕೆಳಗಿನದು ಮೂಕ. ಅದನ್ನೇ ಮತ್ತೆ ಸೀಳಿ ಹಂಚಿಕೊಂಡರು. ಅಪ್ಪಣೆ ಕೊಡುವವರಿಲ್ಲ, ತಪ್ಪು ಯಾರದೆಂದು ಕೆದಕುವವರಿಲ್ಲ. ನನಗೋ ಊಟದ ಡಬ್ಬಿ ತೆರೆಯಲೂ ಭಯ. ಕೊನೆಗೆ ಒಂದೇ ಪದ ಉಳಿಯಿತು: ರ‍್ಯಾಲಿ.

"ಸರಿಯಾಗೇ ಇದ್ಯಲ್ಲ?" ಎಂದಳು ಆಕೆ.

"ನಂಗೂ ಏನೂ ಕಾಣ್ತಿಲ್ಲ ಕಣ್ರೀ," ಎಂದ ಆತ.

ಫೋನಿನಲ್ಲಿ ಆ ಪದವನ್ನು ಒಂದೊಂದೇ ಅಕ್ಷರವಾಗಿ ಕೇಳಿದೆ. 'ರ' ಆದ ಮೇಲೆ ಅಕ್ಷರ ಬೆಸೆಯುವ ಒಂದು ಚಿಹ್ನೆ ಇರುತ್ತದೆ. ಪರದೆಯ ಮೇಲೆ ಅದಕ್ಕೆ ರೂಪವೇ ಇಲ್ಲ. ಫೋನು ಅದನ್ನು ಎರಡು ಸಲ ಹೇಳಿತು.

"ಕಾಣದೇ ಇರೋದು ಎರಡಿದೆ," ಎಂದು ಬರೆದೆ.

ಆತ ಒಂದನ್ನು ಅಳಿಸಿದ, ಆಕೆ ಪರೀಕ್ಷಿಸಿ ಒಪ್ಪಿದಳು. ಹೊಸ ಕಡತ ಹಾಕುವಾಗ ಪರೀಕ್ಷೆಯ ಕೋಣೆಯಿಂದ ನನ್ನ ಹೆಸರು ಕೂಗುತ್ತಿದ್ದರು. ಹೆಡ್‌ಫೋನ್ ಒತ್ತಿ ಹಿಡಿದೆ. "ನಮಸ್ಕಾರ," ಎಂದಿತು ಕಂಪ್ಯೂಟರು, ಅದೇ ಒರಟು ದನಿಯಲ್ಲಿ. ಅಳು ಒತ್ತರಿಸಿಬಂತು. ಹಾಗೇ ಒಳಗೆ ಹೋದೆ.

ಕೆಲಸ ಕಾಯಂ ಆಯಿತು. ಸಂಜೆ, ದೂರಿನ ಅರ್ಜಿಯಿಂದ ಸ್ಕ್ರೀನ್‌ಶಾಟಿನ ಸಾಲನ್ನು ಕಿತ್ತುಹಾಕಿ ತಿದ್ದುಪಡಿ ಕಳಿಸಹೊರಟೆ. ತಿದ್ದುಪಡಿಗೂ ಸ್ಕ್ರೀನ್‌ಶಾಟ್ ಕಡ್ಡಾಯವಂತೆ. ಅದೇ ಫ್ಯಾನನ್ನು ಕಳಿಸಿದೆ.