ಎನ್ಯೋನಾಮಳ ಕಂಪ್ಯೂಟರಿಗೆ ಹಿಡಿದದ್ದು

ಸತ್ತವರ ಮುಖ ಚೆಂದ ಮಾಡುವುದು ಎನ್ಯೋನಾಮಳ ಕಸುಬು. ತೆಮಾ ಬಂದರಿನಾಚೆಯ ನಮ್ಮ ಬೀದಿಯಲ್ಲಿ ಯಾರು ತೀರಿಕೊಂಡರೂ ಮನೆಯವರು ಒಂದು ಫೋಟೋ ಹಿಡಿದು ಅವಳ ನಡುಮನೆಗೆ ಬರುತ್ತಾರೆ. ಅವಳು ಅದನ್ನು ಕಂಪ್ಯೂಟರಿಗೆ ಹಾಕಿ, ಕಣ್ಣಿನ ಕೆಳಗಿನ ಕಪ್ಪು ತೆಗೆದು, ಹಿಂದೆ ಮೋಡ ಇಟ್ಟು, ಹೆಸರು, ವಯಸ್ಸು, ಮಣ್ಣು ಮಾಡುವ ದಿನ ಬರೆದು ಪೋಸ್ಟರು ಮಾಡುತ್ತಾಳೆ. ಮರುದಿನ ಆ ಮುಖ ಬೀದಿಯ ಗೋಡೆಗಳ ಮೇಲೆಲ್ಲ ನಗುತ್ತಿರುತ್ತದೆ.

ಆ ಕಂಪ್ಯೂಟರು ಇದ್ದಕ್ಕಿದ್ದಂತೆ ಸಾಯತೊಡಗಿತು. ಮುಖ ಅರ್ಧ ಮೂಡಿರುವಾಗ ಪರದೆ ನೀಲಿಯಾಗುವುದು, ಏನೋ ಬಿಳಿ ಅಕ್ಷರ ಬಂದು ಆರುವುದು, ಯಾರೂ ಮುಟ್ಟದೆ ತಾನಾಗಿಯೇ ಮತ್ತೆ ಹೊತ್ತಿಕೊಳ್ಳುವುದು. ಹಗಲೆಲ್ಲ ಸುಮ್ಮನಿದ್ದು ಸಂಜೆ ಆರರ ಮೇಲೆಯೇ ಈ ಆಟ.

ಬರೀ ಯಂತ್ರದ ರಗಳೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಎನ್ಯೋನಾಮಳಿಗೆ ಎರಡು ಸಲ ಬಸಿರು ನಿಂತು ಐದನೆಯ ತಿಂಗಳಲ್ಲಿ ಹೋಗಿತ್ತು. ಈಗ ಮೂರನೆಯದಕ್ಕೆ ಮೂರು ತಿಂಗಳು. ಅತ್ತೆ ಅಫಿವಾ ಆಗಲೇ ತೀರ್ಪು ಕೊಟ್ಟಾಗಿತ್ತು.

"ಸತ್ತೋರ ಮುಖ ತಿದ್ತಾ ಕೂತ್ರೆ ಅವ್ರು ಸುಮ್ನಿರ್ತಾರಾ? ಮೊದ್ಲು ಎರಡು ಕೂಸು ತಗೊಂಡ್ರು. ಈಗ ಡಬ್ಬಿ ಒಳಗೇ ಬಂದು ಕೂತಿದಾರೆ. ಅದನ್ನ ಹೊರಗೆ ಹಾಕು, ಇಲ್ಲಾ ನೀನು ಹೊರಡು."

"ಡಬ್ಬಿ ಹೋದ್ರೆ ನಿಮ್ಮ ಸಾರಿಗೆ ಮೀನು ಎಲ್ಲಿಂದ ಬರುತ್ತೆ ಅಮ್ಮಾ?"

"ನನ್ನ ಮಗನ ಸಂಬಳದಿಂದ!"

ಮಗ ಸೆಲಾಸಿಗೆ ಬೀದಿಯ ತುದಿಯ ಕಾರ್ಖಾನೆಯಲ್ಲಿ ಕೆಲಸ. ಹಳೆಯ ಲಾರಿ ಬ್ಯಾಟರಿ ಒಡೆದು ಒಳಗಿನ ಸೀಸ ಕರಗಿಸುವ ಕಡೆ. ಕಾಯಂ ನೌಕರಿ, ಬೆನ್ನ ಮೇಲೆ ಕಂಪನಿಯ ಹೆಸರಿರುವ ನೀಲಿ ಅಂಗಿ. ಅಂಥ ಅಂಗಿಯನ್ನು ನಮ್ಮಲ್ಲಿ ಯಾರೂ ಒಳಗೆ ಬಚ್ಚಿಡುವುದಿಲ್ಲ, ಬಂದವರಿಗೆ ಕಾಣಲೆಂದು ನಡುಮನೆಯಲ್ಲೇ ಮೊಳೆಗೆ ತೂಗುಹಾಕುತ್ತೇವೆ. ಅವರ ಮನೆಯ ಮೊಳೆ ಕಂಪ್ಯೂಟರಿನ ಪಕ್ಕದಲ್ಲೇ ಇತ್ತು. ಸಂಜೆ ಅವನು ಬಂದೊಡನೆ ಎನ್ಯೋನಾಮ್ ಅಂಗಿಯನ್ನು ಬ್ರಷ್ಷಿನಿಂದ ಉಜ್ಜಿ ತೂಗುಹಾಕಿ ಕೆಲಸಕ್ಕೆ ಕೂರುವಳು. ತಲೆಯಿಲ್ಲದ ಒಬ್ಬ ಮನುಷ್ಯ ಅವಳ ಹೆಗಲ ಮೇಲಿಂದ ಸತ್ತವರನ್ನು ನೋಡುತ್ತ ನಿಂತ ಹಾಗೆ ಕಾಣುತ್ತಿತ್ತು.

ರಿಪೇರಿಗೆ ಬಂದವನು ಎಡೆಮ್. ಬೀದಿಗೆಲ್ಲ ಅಣ್ಣನಂಥವನು, ಹಾಗಾಗಿ ಎಲ್ಲರ ಬಾಯಲ್ಲೂ ಎಫೋ.

"ಎಫೋ, ನಿಜ ಹೇಳಿ. ನಿಮ್ಮ ಕೈಲಾಗುತ್ತಾ, ಇಲ್ಲಾ ಪಾದ್ರಿ ಹತ್ರ ಹೋಗ್ಲಾ?"

"ಪಾದ್ರಿ ಲ್ಯಾಪ್‌ಟಾಪೂ ನನ್ನ ಅಂಗಡೀಲೇ ಬಿದ್ದಿದೆ ತಂಗೀ. ಗೋಡೆಗೊಂದು ಹಾಳೆ ಅಂಟಿಸು. ಎಷ್ಟು ಗಂಟೆಗೆ ಸಾಯುತ್ತೆ, ಅದಕ್ಕೆ ಮುಂಚೆ ಮನೇಲಿ ಏನೇನು ನಡೀತು, ಒಂದೂ ಬಿಡದೆ ಬರಿ."

ಒಂದು ಸಲಕ್ಕೆ ಒಂದನ್ನೇ ಬದಲಿಸುವ ಮನುಷ್ಯ ಅವನು. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದ. ಸತ್ತಿತು. ಮೆಮೊರಿ ಪಟ್ಟಿ ಬದಲಿಸಿದ. ಸತ್ತಿತು. ಕರೆಂಟು ಕೊಡುವ ಪೆಟ್ಟಿಗೆಯನ್ನೇ ಬೇರೆ ತಂದು ಜೋಡಿಸಿದ. ಅಂದೇ ಸಂಜೆ ಎನ್ಯೋನಾಮ್ ಮೂವತ್ತೆಂಟು ವರ್ಷದ ಒಬ್ಬ ಹೆಂಗಸಿನ ಬಲಗಣ್ಣು ತಿದ್ದುತ್ತಿದ್ದಳು. ಮುಖ ಪಟ್ಟೆಪಟ್ಟೆಯಾಗಿ ಒಡೆಯಿತು, ಆ ಕಣ್ಣೊಂದು ಮಾತ್ರ ಇದ್ದಲ್ಲೇ ಉಳಿದು ಅವಳನ್ನೇ ನೋಡಿತು. ಅತ್ತೆ ಕಿರುಚಿಕೊಂಡು ಬೀದಿಗೆ ಬಂದಳು. ಪಕ್ಕದ ಮನೆಯಿಂದ ನಾನೂ ಓಡಿದೆ. ನಾನು ನೋಡುವಾಗಲೂ ಆ ಕಣ್ಣು ಅಲ್ಲೇ ಇತ್ತು.

ಎಡೆಮ್ ಡಬ್ಬಿಯ ಒಳಗಿನ ಧೂಳನ್ನೆಲ್ಲ ಬ್ರಷ್ಷಿನಿಂದ ಕೊಡವಿ ಹೋದ. ಮರುದಿನ ಸೆಲಾಸಿ ಚಿಕ್ಕಪ್ಪನ ಮಣ್ಣಿಗೆಂದು ಊರಿಗೆ ಹೊರಟ, ನೆಂಟರು ನೋಡಲೆಂದು ಕಂಪನಿ ಅಂಗಿ ತೊಟ್ಟೇ. ಅವನಿಲ್ಲದ ಒಂಬತ್ತು ದಿನದಲ್ಲಿ ಯಂತ್ರ ಒಂದು ಸಲವೂ ಸಾಯಲಿಲ್ಲ. ಅವನು ಕೆಲಸಕ್ಕೆ ಮರಳಿದ ಮೂರನೆಯ ಸಂಜೆ, ಆರೂ ಇಪ್ಪತ್ತಕ್ಕೆ, ಮತ್ತೆ ಸತ್ತಿತು.

"ನೋಡಿದ್ಯಾ?" ಅತ್ತೆಯ ದನಿ ಪಿಸುಮಾತಿಗೆ ಇಳಿದಿತ್ತು. "ನನ್ನ ಮಗನ ಬೆನ್ನಿಗೇ ಅಂಟ್ಕೊಂಡು ಬರುತ್ತೆ ಅದು."

ಪಾಪ, ಅವಳ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಬೆಳಿಗ್ಗೆ ಎಡೆಮ್ ಬಂದು ಗೋಡೆಯ ಹಾಳೆ ಓದಿದ. 'ಅಂಗಿ ಉಜ್ಜಿದ ಮೇಲೆ' ಎಂದು ಹನ್ನೊಂದು ಸಲ ಬರೆದಿತ್ತು. ಡಬ್ಬಿಯ ಮುಚ್ಚಳ ತೆಗೆದ. ಮನೆಯ ಧೂಳು ಹತ್ತಿಯಂತೆ ಉಂಡೆ ಕಟ್ಟುತ್ತದೆ. ಇದು ಬೂದು ಬಣ್ಣದ್ದು, ಮಿಣಮಿಣ ಹೊಳೆಯುತ್ತಿತ್ತು. ಸಮುದ್ರದ ತೇವ ಕುಡಿದು ತಂತಿಗಳ ನಡುವೆ ಮೆತ್ತಿಕೊಂಡಿತ್ತು. ಚಿಟಿಕೆ ಪುಡಿಯನ್ನು ಕಾಗದದ ಮೇಲೆ ಒತ್ತಿ ಕರೆಂಟು ಹರಿಯುತ್ತದೋ ಎಂದು ನೋಡುವ ಮೀಟರಿನ ಎರಡು ಮೊನೆ ತಾಗಿಸಿದ. ತಂತಿಗೆ ತಂತಿ ತಗುಲಿದಾಗ ಕೂಗುವ ಹಾಗೆ ಮೀಟರು ಕೀಂ ಎಂದಿತು.

ಎಡೆಮ್ ತಲೆಯೆತ್ತಿ ಮೊಳೆಯ ಮೇಲಿನ ಅಂಗಿ ನೋಡಿದ. ಆಮೇಲೆ ಅವಳ ಹೊಟ್ಟೆ ನೋಡಿದ.

"ಈ ಫ್ಯಾನು ಒಳಗೆ ಎಳ್ಕೊಂಡಿದ್ದು ಇಷ್ಟು. ನೀನು ಎಷ್ಟು ಎಳ್ಕೊಂಡಿದೀಯಾ ತಂಗೀ?"

ಅಕ್ರಾದ ದೊಡ್ಡಾಸ್ಪತ್ರೆಯಲ್ಲಿ ಅವಳ ರಕ್ತ ತೆಗೆದು ನೋಡಿದರು. ಸೀಸ. ಮೊದಲ ಎರಡನ್ನೂ ಅದೇ ತೆಗೆದುಕೊಂಡಿರಬಹುದು, ಇದನ್ನು ಉಳಿಸಿಕೊಳ್ಳಬೇಕಾದರೆ ಇಂದೇ ಆ ಮನೆ ಬಿಡು ಎಂದರು ಡಾಕ್ಟರಮ್ಮ.

ಆ ಕಾರ್ಖಾನೆಯಲ್ಲಿ ಬಚ್ಚಲಿಲ್ಲ. ಬಟ್ಟೆ ಬದಲಿಸಲು ಕೋಣೆಯಿಲ್ಲ. ವಿಷ ಕೊಡವುವ ಕೆಲಸ ಹೆಂಡತಿಯರದು, ಸಂಬಳವಿಲ್ಲದೆ. ಅಂಗಿಯ ಮೇಲೆ ಕಂಪನಿಯ ಹೆಸರನ್ನು ಚೆಂದವಾಗಿ ಹೊಲಿದು ಕೊಟ್ಟಿದ್ದಾರೆ, ಮೆರೆಯಿರಿ ಎಂದು. ಅವರನ್ನಷ್ಟೇ ಬೈದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಬೀದಿಯಲ್ಲಿ ಬಸಿರು ನಿಲ್ಲದ ಹೆಂಗಸರು ಎಷ್ಟು ಮಂದಿ ಎಂದು ನಮಗೆಲ್ಲ ಗೊತ್ತಿತ್ತು. ದೆವ್ವವನ್ನು ಬೈದರೆ ಯಾರ ನೌಕರಿಯೂ ಹೋಗುವುದಿಲ್ಲ, ಆದ್ದರಿಂದ ದೆವ್ವವನ್ನು ಬೈದೆವು. ಅದು ಸಾಲದೆ ಎನ್ಯೋನಾಮಳನ್ನು ಬೈದೆವು.

ಅವಳು ಉಟ್ಟ ಬಟ್ಟೆಯಲ್ಲೇ ಕೇಟಾದ ಅಕ್ಕನ ಮನೆಗೆ ಹೋದಳು. ಐದನೆಯ ತಿಂಗಳು ದಾಟಿತು. ದಿನ ತುಂಬುವ ಮೊದಲೇ ಹೆಣ್ಣು ಹುಟ್ಟಿತು. ಮೊಳದುದ್ದವೂ ಇರಲಿಲ್ಲ, ಆದರೆ ಅಳುತ್ತಿತ್ತು. ನೋಡಲು ಹೊರಟ ಸೆಲಾಸಿ, ಅಫಿವಾ ಜೊತೆ ನಾನೂ ಹೋದೆ.

"ಕೊಡೇ, ಒಂದ್ಸಲ ಎತ್ಕೋತೀನಿ," ಎಂದ ಸೆಲಾಸಿ.

"ಕೆಲಸ ಬಿಟ್ಯಾ?"

"ಬಿಟ್ರೆ ತಿನ್ನೋದೇನು?"

"ಬಚ್ಚಲು ಕಟ್ಟಿಸಿದ್ರಾ?"

"ಎಲ್ಲಾ ಸೇರಿ ಕೇಳಿದ್ವಿ. ನೋಡೋಣ ಅಂದ್ರು."

ಅವಳು ಅಂಗಳದ ನಲ್ಲಿ ತೋರಿಸಿದಳು. ಅವನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬಂದು ಕೈ ಚಾಚಿದ. ಅವಳು ಉಗುರು ನೋಡಿ ಮತ್ತೆ ನಲ್ಲಿ ತೋರಿಸಿದಳು. ಮತ್ತೆ ತೊಳೆದ. ಮೂರನೆಯ ಸಲವೂ ಉಗುರ ಸಂದಿಯಲ್ಲಿ ಬೂದು ಗೆರೆ ಹಾಗೇ ಇತ್ತು.

"ಅಂಗಳದ ಆಚೆ ಕೂತ್ಕೋ," ಎಂದಳು ಎನ್ಯೋನಾಮ್. "ಅಲ್ಲಿಂದ ನೋಡು."

ಅವನು ಹೋಗಿ ಕೂತ. ಅಫಿವಾಗೆ ಯಾರೂ ಏನೂ ಹೇಳಲಿಲ್ಲ. ಅವಳು ಕೂಸಿನ ಕಡೆ ಎರಡು ಹೆಜ್ಜೆ ಇಟ್ಟು, ನಿಂತು, ತಾನು ಉಟ್ಟಿದ್ದ ಬಟ್ಟೆಯನ್ನೊಮ್ಮೆ ನೋಡಿಕೊಂಡಳು. ಆಮೇಲೆ ಸೆರಗನ್ನು ಮೈಗೆ ಬಿಗಿಯಾಗಿ ಒತ್ತಿ ಹಿಡಿದು ಮಗನ ಪಕ್ಕ ಹೋಗಿ ಕೂತಳು.