ನೀಲಿ ಹುಲ್ಲಿನ ರೆಕಾರ್ಡು

ನಮ್ಮವರು ಇಳಕಲ್ಲಿನಲ್ಲಿ ಮೈಕ್‌ಸೆಟ್ ಇಟ್ಟಿದ್ದರು. ಮದುವೆ, ಬಸುರಿಯ ಕುಬಸ, ಪುರಾಣ, ಯಾವುದಿದ್ದರೂ ಎರಡು ದೊಡ್ಡ ಹಾರ್ನು, ಬ್ಯಾಟರಿ, ರೆಕಾರ್ಡು ಹಾಕುವ ಪೆಟ್ಟಿಗೆ ಇವನ್ನು ಹೇರಿಕೊಂಡು ಸುತ್ತಲ ಊರುಗಳಿಗೆ ಹೋಗುತ್ತಿದ್ದರು. ಎಪ್ಪತ್ತರ ದಶಕದಲ್ಲಿ, ನಾನು ಗುಳೇದಗುಡ್ಡದಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಹುಬ್ಬಳ್ಳಿಯ ಹಳೇ ಸಾಮಾನಿನ ಬಜಾರಿನಿಂದ ಒಂದು ಕಟ್ಟು ರೆಕಾರ್ಡು ತಂದರು. ಅದರ ನಡುವೆ ಈ ಪರದೇಶಿ ರೆಕಾರ್ಡು ಇತ್ತು.

ಹೊದಿಕೆಯ ಮೇಲೆ ಟೋಪಿ ಹಾಕಿದ ಒಬ್ಬ ಮನುಷ್ಯ. ಕೈಯಲ್ಲಿ ಬಾರಿಸುವ ಹಲಗೆಗೆ ಉದ್ದ ಹಿಡಿಕೆ ಹಚ್ಚಿ ತಂತಿ ಬಿಗಿದಂಥ ವಾದ್ಯ. ಓಣಿಯ ಮಾಸ್ತರರೊಬ್ಬರು ಓದಿ, ಇದು ಅಮೆರಿಕದ ಬ್ಲೂಗ್ರಾಸ್ ಬ್ಯಾಂಜೋ, ಅಂದರೆ ನೀಲಿ ಹುಲ್ಲಿನ ಬ್ಯಾಂಜೋ ಎಂದು ಹೇಳಿದರು. ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಹುಲ್ಲ ನೀಲಿ ಇದ್ರ ಅವರ ಎಮ್ಮಿ ಹಾಲೂ ನೀಲಿ ಕೊಡ್ತಾವೇನ್ರಿ ಮಾಸ್ತರ?" ಎಂದರು. ಮಾಸ್ತರರಿಗೂ ನಗು ತಡೆಯಲಾಗಲಿಲ್ಲ.

ಅದರಲ್ಲಿ ಹಾಡುವವರು ಯಾರೂ ಇಲ್ಲ. ಬರೀ ತಂತಿ. ಕಾದ ಹಂಚಿನ ಮೇಲೆ ಜೋಳದ ಅಳ್ಳು ಸಿಡಿದ ಹಾಗೆ ಸ್ವರಗಳು ಒಂದರ ಬೆನ್ನಿಗೆ ಒಂದು ಹಾರುತ್ತಿದ್ದವು. ಮೊದಲು ಬರೀ ಗದ್ದಲ ಅನ್ನಿಸಿತು. ಕೇಳುತ್ತ ಕೇಳುತ್ತ ಆ ಸಿಡಿತದ ಒಳಗೇ ಒಂದು ಹಾಡು ನಡೆದು ಹೋಗುತ್ತಿರುವುದು ತಿಳಿಯಿತು. ಭಜನೆಯ ಏಕತಾರಿಯ ಹಾಗೆ ಒಂದು ತಂತಿ ಮಾತ್ರ ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಯುತ್ತಿತ್ತು. ಎಷ್ಟು ಸಂತೋಷದ ಹಾಡಾದರೂ ಆ ಒಂದು ತಂತಿ ಅದರಲ್ಲಿ ಸೇರದೆ ಒಂಟಿಯಾಗಿ ಉಳಿಯುತ್ತಿತ್ತು.

ಬಾಡಿಗೆಗೆ ಹೋಗುವ ದಿನ ನಮ್ಮವರು ಹಾರ್ನನ್ನು ಮನೆಯ ಮಾಳಿಗೆಗೆ ಒಯ್ದು ಮೊದಲು ಇದನ್ನೇ ಹಚ್ಚುತ್ತಿದ್ದರು. ಮಾತಿನ ಹಾಡಿನಲ್ಲಿ ಹಾರ್ನಿನ ಗೊರಗೊರ ಮುಚ್ಚಿಹೋಗುತ್ತದೆ, ತಂತಿಯಲ್ಲಿ ಮುಚ್ಚುವುದಿಲ್ಲ ಎನ್ನುವುದು ಅವರ ಲೆಕ್ಕ. ದಾರಿಯಲ್ಲಿ ಹೋಗುವವರು ತಲೆ ಎತ್ತಿ, "ಯಾರ ಮದಿವ್ಯೋ ಇವತ್ತ?" ಎಂದು ಕೇಳುತ್ತಿದ್ದರು. "ಯಾರದೂ ಅಲ್ಲ, ಹಾರ್ನ್ ನೋಡಾಕತ್ತೇನಿ" ಎಂದು ಇವರು ಮೇಲಿಂದ ಕೂಗುತ್ತಿದ್ದರು. ಹಾರ್ನು ಸರಿಯಿದೆ ಎಂದು ಗೊತ್ತಾದ ಮೇಲೂ ರೆಕಾರ್ಡಿನ ಆ ಬದಿ ಪೂರ್ತಿ ಮುಗಿಯುವ ತನಕ ಕೆಳಗೆ ಇಳಿಯುತ್ತಿರಲಿಲ್ಲ.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತಿದ್ದೆ. ಕೈ ತಾನಾಗಿ ಅದರ ಲಯಕ್ಕೆ ಹೋಗುತ್ತಿತ್ತು.

"ಏನವಾ, ರೊಟ್ಟಿ ಬಡೀತಿಯೋ ಹಲಗಿ ಬಡೀತಿಯೋ?" ಎನ್ನುತ್ತಿದ್ದರು ಅತ್ತೆ.

ನಾಚಿಕೆಯಾಗಿ ನಾನು ಮೆಲ್ಲಗೆ ಬಡಿಯುತ್ತಿದ್ದೆ. ತಮ್ಮ ಮಗನನ್ನೂ ಅವರು ಬಿಡುತ್ತಿರಲಿಲ್ಲ. "ಆ ಟಣಟಣ ಬಂದ್ ಮಾಡೋ, ಹಾಲ ಹಿಂಡಾಕ ಕುಂತೇನಿ, ಎಮ್ಮಿ ಸೊರ ಬಿಡವಲ್ದು" ಎಂದು ಕೆಳಗಿನಿಂದ ಬೈಯುತ್ತಿದ್ದರು.

ಎಂಬತ್ತರ ದಶಕ ಹುಟ್ಟಿದ ಮೇಲೆ ಒಂದು ಬೇಸಿಗೆಯಲ್ಲಿ ಬೇವೂರಿನ ಮದುವೆಯೊಂದಕ್ಕೆ ಹೋದ ನಮ್ಮವರು ಮರಕ್ಕೆ ಹಾರ್ನು ಕಟ್ಟುವಾಗ ಬಿದ್ದರು. ಬಾಗಲಕೋಟೆಯ ದವಾಖಾನೆಗೆ ಒಯ್ದರು. ಅಲ್ಲಿಂದ ಹೆಣ ಬಂತು.

ನಮ್ಮಲ್ಲಿ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರ ನಡೆ, ನುಡಿ, ಉಣಿಸಿದ್ದು, ಉಡಿಸಿದ್ದು ಎಲ್ಲವನ್ನೂ ಒಂದೊಂದಾಗಿ ಎತ್ತಿ ಹಾಡಬೇಕು. ಹೆಂಡತಿ ಮೊದಲು ಎತ್ತಬೇಕು, ಉಳಿದವರು ದನಿಗೂಡಿಸುತ್ತಾರೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನಗೆ ಬಾಯಿ ತೆರೆಯಲಾಗಲಿಲ್ಲ. ತಲೆಯೊಳಗೆ ಆ ಬ್ಯಾಂಜೋ ನುಡಿಯುತ್ತಿತ್ತು. ನಿಲ್ಲು ಎಂದಷ್ಟೂ ಜೋರಾಗುತ್ತಿತ್ತು. ಮಾಳಿಗೆಯ ಮೇಲೆ ಅವರೇ ಕುಳಿತು ಹಚ್ಚಿದ ಹಾಗೆ ಇತ್ತು.

ಬಗಲಲ್ಲಿ ಕುಳಿತ ಗಂಡನ ಚಿಕ್ಕಮ್ಮ ನನ್ನ ಮೊಣಕಾಲಿಗೆ ಚಿವುಟಿದರು. "ಕಾಲ ಯಾಕ ಕುಣಸ್ತಿ? ಮಂದಿ ನೋಡಾಕತ್ತಾರ." ನೋಡಿದರೆ, ನನ್ನ ಕಾಲಿನ ಬೆರಳು ಆಡುತ್ತಿತ್ತು. ಸೀರೆಯೊಳಗೆ ಎಳೆದುಕೊಂಡೆ. ಗಂಡನ ಹೆಣದ ಮುಂದೆ ತಾಳ ಹಾಕಿದವಳು ಎನ್ನುವ ಮಾತು ಓಣಿಯಲ್ಲಿ ಎಷ್ಟು ದೂರ ಹೋಯಿತೋ ನನಗೆ ಗೊತ್ತಿಲ್ಲ. ನೀರು ತರಲು ಹೋದಾಗ ಹೆಂಗಸರು ಮಾತು ನಿಲ್ಲಿಸಿದರೆ ಅದೇ ಮಾತಿರಬೇಕು ಎಂದು ಬಹಳ ದಿನ ತಲೆ ತಗ್ಗಿಸಿದೆ.

ತಿಂಗಳು ತುಂಬುವ ಮೊದಲೇ ಮೈದುನ ಮೈಕ್‌ಸೆಟ್ಟನ್ನು ಬಾದಾಮಿಯ ಒಬ್ಬ ಮೈಕ್ ಅಂಗಡಿಯವರಿಗೆ ಮಾರಿದ. ಕ್ಯಾಸೆಟ್ ಬಂದಿದ್ದವು, ಇನ್ನು ಇದನ್ನು ಯಾರೂ ಕೇಳುವುದಿಲ್ಲ ಎಂದ. ಖರೆ ಇತ್ತು. ಕೊಂಡವರು ಬಂದು ರೆಕಾರ್ಡುಗಳನ್ನು ಗೋಣಿಚೀಲದಲ್ಲಿ ತುಂಬತೊಡಗಿದರು. "ನಿಂದೇನರ ಇಟ್ಕೊಳ್ಳೂದೈತೇನು ವೈನಿ?" ಎಂದು ಮೈದುನ ಕೇಳಿದ. ಅದೊಂದು ಇರಲಿ ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. "ಏನೂ ಇಲ್ಲ" ಎಂದೆ. ಟೋಪಿಯ ಮನುಷ್ಯ ಚೀಲದೊಳಗೆ ಹೋಗುವುದನ್ನು ನೋಡುತ್ತ ನಿಂತೆ.

ಅತ್ತೆ ಒಳಗಿನಿಂದ ಬಂದರು.

"ತಮ್ಮಾ, ಅದೊಂದು ತಗದ ಇಡು. ಆ ಟಣಟಣದ್ದು."

"ಯಾಕಬೇ, ಅದನ್ನೇನ ಮಾಡ್ತಿ? ಹಚ್ಚಾಕ ಪೆಟಗೀನ ಇಲ್ಲ" ಎಂದ ಮೈದುನ.

"ಮುಚ್ಚಳಾ ಮಾಡ್ಕೊಂತೇನಿ, ಗಡಿಗಿ ಮ್ಯಾಲ. ತಗದ ಇಡಂದ್ರ ಇಡು."

ಗಡಿಗೆಯ ಮೇಲೆ ಅದನ್ನು ಎಂದೂ ಇಡಲಿಲ್ಲ. ತಮ್ಮ ಟ್ರಂಕಿನಲ್ಲಿ ಇಳಕಲ್ ಸೀರೆಗಳ ನಡುವೆ ಇಟ್ಟರು.

ಮುಂದಿನ ಶ್ರಾವಣದಲ್ಲಿ ಇಬ್ಬರೂ ಮಹಾಕೂಟದ ದೇವರಿಗೆ ಹೊರಟೆವು. ಬಾದಾಮಿಯಲ್ಲಿ ಬಸ್ಸು ಇಳಿದ ಮೇಲೆ ಅತ್ತೆ ಮಹಾಕೂಟದ ಕಡೆ ತಿರುಗಲಿಲ್ಲ. ದಾರಿ ಕೇಳುತ್ತ ಕೇಳುತ್ತ ಆ ಮೈಕಿನವರ ಅಂಗಡಿಗೆ ಹೋದರು. ಬುತ್ತಿಯ ಚೀಲದಲ್ಲಿ, ರೊಟ್ಟಿಯ ಗಂಟಿನ ಕೆಳಗೆ, ರೆಕಾರ್ಡು ಇತ್ತು. ಅಂಗಡಿಯವರು ನಮ್ಮ ಗುರುತು ಹಿಡಿದು, ಕುಳಿತುಕೊಳ್ಳಲು ಹೇಳಿ, ಮೆಲ್ಲಗೆ ಹಚ್ಚಿದರು.

"ಹಂಗಲ್ಲ. ಹಾರ್ನಿಗೆ ಹಚ್ಚಪಾ. ನನ್ನ ಮಗ ಹಾರ್ನಿಗೇ ಹಚ್ಚತಿದ್ದ."

ಅವರು ನನ್ನ ಮುಖ ನೋಡಿದರು. ಬಾಗಿಲ ಮುಂದಿನ ಹಾರ್ನಿಗೆ ತಂತಿ ಜೋಡಿಸಿದರು. ಮೊದಲು ಕರಕರ ಸದ್ದು, ಆಮೇಲೆ ಜೋಳದ ಅಳ್ಳು ಸಿಡಿದಂತೆ ಬ್ಯಾಂಜೋ ರಸ್ತೆಗೆಲ್ಲ ಚೆಲ್ಲಿತು. ಬಸ್ಸಿಗೆ ಕಾಯುವವರು ತಿರುಗಿ ನೋಡಿದರು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಸೈಕಲ್ ಹಿಡಿದವನೊಬ್ಬ ನಿಂತು ಕೇಳಿದ:

"ಯಾರ ಮದಿವಿಬೇ ಯಜಮಾನ್ತಿ?"

ಉತ್ತರ ನನಗೆ ಗೊತ್ತಿತ್ತು. ಹೆಂಡತಿಯಾಗಿ ಅದನ್ನು ನಾನು ಹೇಳಬೇಕಾಗಿತ್ತು.

"ಯಾರದೂ ಅಲ್ಲಪಾ, ಹಾರ್ನ್ ನೋಡಾಕತ್ತೇವಿ" ಎಂದರು ಅತ್ತೆ, ಮಗನಷ್ಟೇ ಎತ್ತರದ ದನಿಯಲ್ಲಿ.

ಬದಿ ಮುಗಿಯುವ ತನಕ ಕುಳಿತೆವು. ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಡುವೆ ಒಮ್ಮೆ ಅವರ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. ಬೆರಳು ಆಡುತ್ತಿತ್ತು. ಅವರು ಚಿವುಟಲಿಲ್ಲ. ಆದರೂ ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ.