ಕಸೋಂಡೆಯ ಅಪ್ಪ ಆಡಿದ ಫೈನಲ್

ಲ್ಯಾಕ್ಸನ್ ಕಪೆಂಬ್ವ ನಮ್ಮೂರು ಲುವಾನ್ಶ್ಯದ ಗಣಿ ಫುಟ್‌ಬಾಲ್ ತಂಡದ ಡಿಫೆಂಡರ್. ಎದುರಾಳಿಯ ಕಾಲಿಗೆ ಪೆಟ್ಟಾಗದಂತೆ ಚೆಂಡನ್ನಷ್ಟೇ ಕಿತ್ತುಕೊಂಡು ಬರುತ್ತಿದ್ದ. ಮಗಳು ಕಸೋಂಡೆ ಹುಟ್ಟಿದ ಮೇಲೆ ನಮ್ಮ ರೂಢಿಯಂತೆ ಅವನು ಎಲ್ಲರ ಬಾಯಲ್ಲೂ ಕಸೋಂಡೆಯ ಅಪ್ಪನಾದ, ಹೆಂಡತಿ ಕಸೋಂಡೆಯ ಅಮ್ಮ. ನಮ್ಮೆರಡು ಮನೆಗಳ ನಡುವೆ ಒಂದು ಬೇಲಿ, ಅಷ್ಟೆ.

ಕಪ್ ಫೈನಲ್‌ಗೆಂದು ಎನ್ಡೋಲಾಕ್ಕೆ ಹೊರಡುವ ದಿನ ಮಗುವಿಗೆ ಜ್ವರ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಮೈ ಕೆಂಡ ಆಗಿದೆ. ಇದೊಂದು ಸಲ ಬಿಟ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಕ್ಯಾಪ್ಟನ್ ಸಂಪ ಅವನ ಜೀವದ ಗೆಳೆಯ. ಬಸ್ಸಿನಿಂದಲೇ ಕೂಗಿದ: “ಲೋ, ನೀನೇನು ಡಾಕ್ಟ್ರಾ? ಇದ್ದು ಏನ್ ಕಿಸೀತೀಯ? ನಾಳೆ ವಾಪಸ್ ಬಂದ್ಬಿಡ್ತೀವಿ, ಹತ್ತೋ!”

ಅವನು ಹೆಂಡತಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಸ್ಸು ಹತ್ತಿದ.

ಮಲೇರಿಯಾ ತಲೆಗೇರಿತ್ತು. ಮರುದಿನ ಬೆಳಿಗ್ಗೆ ಮಗು ಹೋಯಿತು. ಆಟ ಶುರುವಾಗುವ ಮೊದಲೇ ಕ್ರೀಡಾಂಗಣಕ್ಕೆ ಫೋನು ಹೋಯಿತು. ಕೋಚ್ ಮತ್ತು ಸಂಪ ಸುದ್ದಿ ಮುಚ್ಚಿಟ್ಟರು.

ಸಾವಿನ ಮನೆಯಂಗಳದಲ್ಲಿ ನಾವು ಹೆಂಗಸರು ನೆಲದ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಯಾರದೋ ರೇಡಿಯೊ ಅವನ ಹೆಸರು ಕೂಗುತ್ತಿತ್ತು: ಕಪೆಂಬ್ವ ತಡೆದ, ಮತ್ತೆ ಕಪೆಂಬ್ವ! ಒಬ್ಬಳು ಓಡಿಹೋಗಿ ಆರಿಸಿದಳು. ಅಷ್ಟರಲ್ಲಿ ಕಸೋಂಡೆಯ ಅಮ್ಮನಿಗೆ ಕೇಳಿಯಾಗಿತ್ತು.

ಅಲ್ಲಿ ಎನ್ಡೋಲಾದಲ್ಲಿ ಗೆದ್ದು ಡ್ರೆಸಿಂಗ್ ರೂಮಿಗೆ ಬಂದ ಕಪೆಂಬ್ವನಿಗೆ ಯಾರೂ ಹಾಡದಿರುವುದು ವಿಚಿತ್ರವೆನಿಸಿತಂತೆ. “ಯಾಕ್ರೋ, ಗೆದ್ದಿದ್ದೀವಲ್ಲ?” ಎಂದು ಕೇಳಿದನಂತೆ. ಸಂಪ ಆಗ ಹೇಳಿದ.

“ನಿಂಗೆ ಯಾವಾಗ ಗೊತ್ತಾಯ್ತು?”

ಸಂಪ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.

ಮನೆ ತಲುಪಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು: “ಗೆದ್ರಾ?” ಸೂತಕ ಕಳೆದ ಮೇಲೆ ಅವಳು ಸರೋವರದ ದಡದ ಸಂಫ್ಯಾಕ್ಕೆ, ತವರಿಗೆ ಹೊರಟುಹೋದಳು.

ಮಂಡಿ ಕೈಕೊಡುವವರೆಗೂ ಅವನು ಆಡಿದ. ಪಕ್ಕದಲ್ಲೇ ಸಂಪ. ಮೈದಾನದಲ್ಲಿ “ನಂದು”, “ಬಿಡು” ಅನ್ನುವುದು ಬಿಟ್ಟರೆ ಇಬ್ಬರ ನಡುವೆ ಮಾತಿಲ್ಲ. ವಿಷಯ ಗೊತ್ತಿದ್ದೂ ತಾನು ಆಡಿದೆನೆಂದು ಹೆಂಡತಿ ನಂಬಿದ್ದಾಳೆ ಎಂಬುದೇ ಅವನ ಕೊರಗು. ಆಟ ಬಿಟ್ಟ ವರ್ಷ ಸಂಪನ ಮನೆಗೆ ಹೋಗಿ, “ನೀನೇ ಬಂದು ಅವಳಿಗೆ ಹೇಳು” ಎಂದ.

ಇಬ್ಬರೂ ಹೋದರು. ಅವಳು ಮೀನು ಒಣಹಾಕುತ್ತಿದ್ದಳು. ಸಂಪ ಮಂಡಿಯೂರಿದ.

“ತಂಗೀ, ಇವನಿಗೆ ಏನೂ ಗೊತ್ತಿರ್ಲಿಲ್ಲ. ಮುಚ್ಚಿಟ್ಟೋನು ನಾನು.”

“ಅದು ನಂಗೆ ಅವತ್ತೇ ಗೊತ್ತಾಯ್ತು, ಅಣ್ಣಾ. ಇವರ ಮುಖ ನೋಡಿದ್ರೆ ತಿಳಿಯಲ್ವಾ?” ಆಮೇಲೆ ಗಂಡನತ್ತ ತಿರುಗಿದಳು. “ಬಾಗಿಲಲ್ಲಿ ನಿಂತು ಬೇಡ್ಕೊಂಡೆ. ಅದು ನಿಮಗೆ ಗೊತ್ತಿತ್ತಲ್ಲ.”

ಮೀನು, ಜೋಳದ ಮುದ್ದೆ ಬಡಿಸಿದಳು. ಅವನು ಮುರಿದ ತುತ್ತು ಕೈಯಲ್ಲೇ ಹಿಡಿದು ಕೂತಿದ್ದನಂತೆ. ಬೇಲಿಯ ಆಚೆ ನಿಂತು ಅವನೇ ಇದನ್ನೆಲ್ಲ ನನಗೆ ಹೇಳಿದ್ದು. ಆಮೇಲೆ ಆ ಮಾತು ಎತ್ತಲೇ ಇಲ್ಲ. ಗಣಿಯ ಗೇಟು ಕಾಯುವ ಕೆಲಸ ಸಿಕ್ಕಿತ್ತು, ಒಬ್ಬನೇ ಬೇಯಿಸಿಕೊಂಡು ಉಣ್ಣುತ್ತಿದ್ದ.

ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವಳು ಬಂದಳು. ಹೆಂಗಸರ ನಡುವೆ ನೆಲದ ಮೇಲೆ ಕೂತು, ಗಂಟಲು ಕಟ್ಟುವವರೆಗೂ ಅತ್ತಳು. ಮಣ್ಣು ಮಾಡಿ ಬಂದ ಮೇಲೆ ಅವಳ ಕೈಗೆ ನೀರು ಹಾಕುತ್ತಾ, “ಇವತ್ತೊಂದಿನ ಇದ್ದು ಹೋಗೇ” ಅಂದೆ.

“ಯಾರಿದಾರೆ ಅಕ್ಕಾ ಇಲ್ಲಿ?” ಅಂದಳು. ಒದ್ದೆ ಕೈಯನ್ನು ಸೊಂಟಕ್ಕೆ ಸುತ್ತಿದ್ದ ಚಿತೆಂಗೆ ಬಟ್ಟೆಗೆ ಒರೆಸಿಕೊಂಡು, ಬಸ್ಸಿನ ಕಡೆ ನಡೆದಳು.